ಖಾನಾವಳಿ ಕಸಕ್ಕೆ 24 ತಾಸಿನ ಗೊಬ್ಬರ ಮಷಿನ್: ತಗೊಳ್ಳೋದಾ, ಬೇಡವಾ?

ವಿದ್ಯಾನಗರ ಖಾನಾವಳಿ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮದೊಂದು ಖಾನಾವಳಿ ಇದೆ. ಮಧ್ಯಾಹ್ನ ಜೋಳದ ರೊಟ್ಟಿ ಊಟ, ರಾತ್ರಿ ಚಪಾತಿ. ಕಾಲೇಜು ಹುಡುಗರು, ಬ್ಯಾಂಕಿನವರು, ಕಿಮ್ಸ್‌ಗೆ ಬಂದ ರೋಗಿಗಳ ಕಡೆಯವರು ನಮ್ಮ ಗಿರಾಕಿಗಳು.

ಮೊದಲು ಉಳಿದ ಅನ್ನ, ಸಾರು, ತಾಟಿನ ಮುಸುರೆ ಎಲ್ಲವನ್ನೂ ಹಂದಿ ಸಾಕುವವನೊಬ್ಬ ಬ್ಯಾರಲ್‌ನಲ್ಲಿ ಒಯ್ಯುತ್ತಿದ್ದ. ಈಗ ಅವನು ಬರುವುದನ್ನು ಬಿಟ್ಟಿದ್ದಾನೆ. ಕಸದ ಗಾಡಿಯವರು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎನ್ನುತ್ತಾರೆ. ಅದು ಸರಿಯೇ. ಆದರೆ ಸಾರು ಸೋರುವ ಕಸ ಕೊಟ್ಟರೆ ಅವರಿಗೂ ಕಷ್ಟ, ದಾರಿಯುದ್ದಕ್ಕೂ ಸುರಿಯುತ್ತದೆ.

ಇದರ ನಡುವೆ ಸೇಲ್ಸ್‌ನವನೊಬ್ಬ ಬಂದಿದ್ದ. ಒಂದು ಮಷಿನ್ ಇದೆಯಂತೆ. ಬೆಳಿಗ್ಗೆ ಕಸ ಹಾಕಿದರೆ ಮರುದಿನ ಬೆಳಿಗ್ಗೆ ಗೊಬ್ಬರವಂತೆ. ವಾಸನೆ ಇಲ್ಲ, ಹುಳ ಇಲ್ಲ, ರೈತರು ಕ್ಯೂ ನಿಂತು ಕೊಳ್ಳುತ್ತಾರೆ ಎಂದ. ರೇಟು ಕೇಳಿದರೆ ಲಕ್ಷಗಳ ಲೆಕ್ಕ. ಹಿಂದೆ ಒಂದು ಅಂಗಳ ಇದೆ, ಹತ್ತಡಿಗೆ ಇಪ್ಪತ್ತಡಿ. ಮಷಿನ್ ತಗೊಳ್ಳಲೋ, ತೊಟ್ಟಿ ಕಟ್ಟಿಸಲೋ? ಇದನ್ನು ಮಾಡಿ ನೋಡಿದವರು ಇದ್ದರೆ ಹೇಳಿ. ಸುಮ್ನೆ ವಾಟ್ಸಾಪ್‌ನಲ್ಲಿ ಬಂದದ್ದನ್ನು ಹಾಕಬೇಡಿ ದಯವಿಟ್ಟು.

ಸಪ್ತಾಪುರ ಮೆಸ್ ಅಕ್ಕ:

ಅಣ್ಣಾವ್ರೆ, ಮೊದಲು ತೂಕ ಮಾಡಿ. ದಿನಕ್ಕೆ ಎಷ್ಟು ಕೆಜಿ ಎಂದು ನೀವು ಬರೆದೇ ಇಲ್ಲ. ಮಷಿನ್ ಮಾರುವವರು ಕಣ್ಣಳತೆಯಲ್ಲಿ ದೊಡ್ಡದನ್ನೇ ತೋರಿಸುತ್ತಾರೆ.

ನಾನು ಧಾರವಾಡದ ಸಪ್ತಾಪುರದಲ್ಲಿ ಮೆಸ್ ನಡೆಸುತ್ತೇನೆ, ಕೋಚಿಂಗ್ ಹುಡುಗ ಹುಡುಗಿಯರೇ ಜಾಸ್ತಿ. ತೂಕ ಹಾಕುವಾಗ ಮೂರು ಬಕೆಟ್ ಇಡಿ. ಒಂದು ತರಕಾರಿ ಹೆಚ್ಚಿದ ಕಸ, ಒಂದು ತಾಟಿನ ಮುಸುರೆ, ಒಂದು ಪಾತ್ರೆಯಲ್ಲೇ ಉಳಿದದ್ದು. ಒಂದು ವಾರ ಪೂರ್ತಿ ಬರೆದಿಡಿ. ಭಾನುವಾರಕ್ಕೂ ಮಂಗಳವಾರಕ್ಕೂ ಬಹಳ ಫರಕು ಇರುತ್ತದೆ. ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದಾಗಿನ ಕಥೆಯೇ ಬೇರೆ.

ಮೂರನೇ ಬಕೆಟ್ ತುಂಬುತ್ತಿದ್ದರೆ ಅದು ಗೊಬ್ಬರದ ಪ್ರಶ್ನೆಯಲ್ಲ. ಅಡುಗೆ ಅಳತೆ ತಪ್ಪಿದೆ ಎಂದರ್ಥ. ಅಕ್ಕಿ ದುಡ್ಡು ಕೊಟ್ಟು ತಂದು, ಗ್ಯಾಸ್ ಉರಿಸಿ ಬೇಯಿಸಿ, ಮತ್ತೆ ದುಡ್ಡು ಕೊಟ್ಟು ಗೊಬ್ಬರ ಮಾಡುವುದು ಯಾವ ವ್ಯಾಪಾರ? ನಮ್ಮಲ್ಲಿ ಈಗ ಅನ್ನವನ್ನು ಎರಡು ಸಲ ಇಡುತ್ತೇವೆ. ಎರಡನೇ ಸಲ ಎಷ್ಟು ಎಂದು ಕೂತವರ ತಲೆ ಎಣಿಸಿ ನಿರ್ಧರಿಸುತ್ತೇವೆ.

ಗೋಕುಲ ರೋಡ್ ಕ್ಯಾಂಟೀನ್:

ನಾನು ಒಂದು ಫ್ಯಾಕ್ಟರಿ ಕ್ಯಾಂಟೀನ್ ನೋಡಿಕೊಳ್ಳುತ್ತೇನೆ. ನೀವು ಹೇಳುವಂಥದ್ದೇ ಒಂದು ಮಷಿನ್ ನಮ್ಮಲ್ಲಿದೆ. ಕಂಪನಿ ಹೆಸರು ಬರೆಯುವುದಿಲ್ಲ, ಹಲವರು ಇಂಥದ್ದನ್ನೇ ಮಾರುತ್ತಾರೆ.

ಒಳಗೆ ಹೀಟರ್ ಇದೆ, ಕಲಸುವ ಬ್ಲೇಡ್ ಇದೆ. ಕಸ ಹಾಕಿದರೆ ನೀರೆಲ್ಲ ಆವಿಯಾಗಿ ಮರುದಿನ ಕಂದು ಪುಡಿ ಬರುತ್ತದೆ. ನೋಡಲು ಚೆಂದ. ಹುರಿದ ಹಿಟ್ಟಿನ ವಾಸನೆ. ಮಾಲಿ ಅದನ್ನು ಗೇಟಿನ ಹತ್ತಿರದ ಕುಂಡಗಳಿಗೆ ಹಾಕಿದ. ನೀರು ಬಿದ್ದ ಮೇಲೆ ಮೇಲೆಲ್ಲ ಬಿಳಿ ಬೂಸ್ಟು, ವಾಸನೆ, ನೊಣ. ಗಿಡಗಳು ಹಳದಿಯಾದವು. ಸರ್ವಿಸ್‌ನವರನ್ನು ಕೇಳಿದರೆ ನೀವು ಹೆಚ್ಚು ಹಾಕಿದ್ದೀರಿ ಎಂದರು. ಕರೆಂಟ್ ಬಿಲ್ ಬಗ್ಗೆ ಕೇಳಿದರೆ ಅದಕ್ಕೂ ಒಂದು ಉತ್ತರ ಇತ್ತು.

ಮಷಿನ್ ಪೂರ್ತಿ ಕೆಲಸಕ್ಕೆ ಬಾರದು ಎಂದು ನಾನು ಹೇಳುವುದಿಲ್ಲ. ಕಸದ ತೂಕ ಬಹಳ ಇಳಿಯುತ್ತದೆ. ಜಾಗ ಇಲ್ಲದವರಿಗೆ ಅದೇ ದೊಡ್ಡದು. ಆದರೆ ಅದರಿಂದ ಬರುವುದು ಒಣಗಿಸಿದ ಊಟ.

ಕೃಷಿ ಓದಿದವಳು:

ಕ್ಯಾಂಟೀನ್ ಸರ್ ಹೇಳಿದ್ದು ಸರಿಯಾಗಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ್ದೇನೆ, ಈಗ ಮನೆಯ ಹೊಲ ನೋಡಿಕೊಳ್ಳುತ್ತೇನೆ.

ಗೊಬ್ಬರ ಆಗುವುದೆಂದರೆ ಸೂಕ್ಷ್ಮಜೀವಿಗಳು ಆ ಕಸವನ್ನು ತಿಂದು ಮುಗಿಸಬೇಕು. ಅದಕ್ಕೆ ವಾರಗಳು ಬೇಕು. ಒಣಗಿಸಿದಾಗ ಅವು ಕೆಲಸ ನಿಲ್ಲಿಸುತ್ತವೆ. ಮತ್ತೆ ನೀರು ಬಿದ್ದ ಕೂಡಲೇ ಶುರು ಮಾಡುತ್ತವೆ. ಅಂದರೆ ಕುಂಡದಲ್ಲೇ, ಬೇರಿನ ಪಕ್ಕದಲ್ಲೇ ಕೊಳೆಯುತ್ತದೆ. ಮಣ್ಣಿನಲ್ಲಿದ್ದ ಸಾರಜನಕವನ್ನೂ ಗಾಳಿಯನ್ನೂ ಅವೇ ಎಳೆದುಕೊಳ್ಳುತ್ತವೆ, ಅದಕ್ಕೇ ಗಿಡ ಹಳದಿ. ಆ ಪುಡಿಯನ್ನು ಹೊಟ್ಟು, ಹಳೇ ಗೊಬ್ಬರ ಸೇರಿಸಿ, ನೀರು ಚಿಮುಕಿಸಿ ರಾಶಿ ಹಾಕಿ ಬಿಟ್ಟರೆ ಆಮೇಲೆ ಒಳ್ಳೆಯ ಗೊಬ್ಬರ ಆಗುತ್ತದೆ. ಮಷಿನ್ ಇದ್ದವರು ಹಾಗೆ ಮಾಡಿ, ಎಸೆಯಬೇಡಿ.

ಪಕ್ವ ಆಗಿದೆಯೋ ಇಲ್ಲವೋ ನೋಡಲು ಲ್ಯಾಬ್ ಬೇಕಾಗಿಲ್ಲ. ಒಂದು ಹಿಡಿ ಗೊಬ್ಬರ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ನಾಲ್ಕೈದು ದಿನ ಬಿಟ್ಟು ತೆರೆಯಿರಿ. ಹೊಲಸು ವಾಸನೆ ಬಂದರೆ ಇನ್ನೂ ಆಗಿಲ್ಲ. ಮಣ್ಣಿನ ವಾಸನೆ ಬಂದರೆ ಆಗಿದೆ. ಇನ್ನೊಂದು, ಮೂಲಂಗಿ ಬೀಜ ಹಾಕಿ ನೋಡುವುದು. ಹಸಿ ಗೊಬ್ಬರದಲ್ಲಿ ಅದು ಸರಿಯಾಗಿ ಮೊಳೆಯುವುದಿಲ್ಲ. ಮಷಿನ್ ಕೊಳ್ಳುವ ಮೊದಲು ಸೇಲ್ಸ್‌ನವನ ಹತ್ತಿರ ಸ್ಯಾಂಪಲ್ ತಗೊಂಡು ಈ ಎರಡನ್ನೂ ಮಾಡಿ.

ವಿದ್ಯಾನಗರ ಖಾನಾವಳಿ:

ಅಕ್ಕಾವ್ರೆ, ಸ್ಯಾಂಪಲ್ ಕೇಳಿದೆ. ಬ್ರೋಶರ್ ಕಳಿಸಿದ್ದಾನೆ.

ಸಪ್ತಾಪುರ ಮೆಸ್ ಅಕ್ಕ:

ನೋಡಿ ಮತ್ತೆ!

ನವಲಗುಂದ ಎರಿ ಹೊಲ:

ರೈತರು ಕ್ಯೂ ನಿಲ್ಲುತ್ತಾರೆ ಎಂಬ ಮಾತು ಓದಿ ನಗು ಬಂತು. ನಾನು ರೈತ. ಸಿಟಿ ಕಸದ ಗೊಬ್ಬರ ಒಂದು ಟ್ರೇಲರ್ ಒಯ್ದು ನೋಡಿದ್ದೇನೆ. ಹೊಲದಲ್ಲಿ ಹರಗುವಾಗ ಏನೇನು ಬಂತು ಗೊತ್ತಾ? ಶ್ಯಾಂಪೂ ಪಾಕೀಟು, ಗುಟ್ಕಾ ಚೀಟಿ, ರಬ್ಬರ್ ಬ್ಯಾಂಡ್, ಗಾಜಿನ ಚೂರು. ಗಾಜು ಒಂದು ಸಲ ಹೊಲಕ್ಕೆ ಬಿತ್ತೆಂದರೆ ಅದನ್ನು ಆರಿಸುವುದು ಯಾರು? ಎತ್ತಿನ ಕಾಲಿಗೂ ಅದೇ, ಕಳೆ ತೆಗೆಯುವ ಹೆಣ್ಣುಮಕ್ಕಳ ಕೈಗೂ ಅದೇ.

ಎರಡನೆಯದು ಉಪ್ಪು. ನಿಮ್ಮ ಊಟದಲ್ಲಿ ಉಪ್ಪು ಇದೆ, ಉಪ್ಪಿನಕಾಯಿ ಇದೆ, ಹಪ್ಪಳ ಇದೆ. ಅದೆಲ್ಲ ಗೊಬ್ಬರದಲ್ಲೇ ಉಳಿಯುತ್ತದೆ, ಎಲ್ಲಿಗೂ ಹೋಗುವುದಿಲ್ಲ. ನಮ್ಮದು ಮಲಪ್ರಭಾ ಕಾಲುವೆ ಕಡೆಯ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ನೀರು ಜಾಸ್ತಿ ಬಿಟ್ಟು ಬಿಟ್ಟು ನವಲಗುಂದ, ನರಗುಂದ ಕಡೆ ಎಷ್ಟೋ ಹೊಲ ಈಗಾಗಲೇ ಸವಳು ಹಿಡಿದಿವೆ. ಅಂಥ ಹೊಲಕ್ಕೆ ಮತ್ತೆ ಉಪ್ಪು ಹಾಕು ಎಂದರೆ ಹೇಗೆ?

ಮೂರನೆಯದು, ನಿಮಗೆ ಕಸ ದಿನಾ ಬರುತ್ತದೆ. ನಮಗೆ ಗೊಬ್ಬರ ಬೇಕಾಗುವುದು ಬೇಸಿಗೆಯಲ್ಲಿ, ಮುಂಗಾರು ಮಳೆಗೆ ಮುಂಚೆ. ಪೀಕು ನಿಂತ ಹೊಲಕ್ಕೆ ಟ್ರ್ಯಾಕ್ಟರ್ ತರುವುದು ಆಗುತ್ತದಾ? ಉಳಿದ ತಿಂಗಳು ಅದನ್ನು ಎಲ್ಲಿ ಇಡುತ್ತೀರಿ, ಅದನ್ನು ಮೊದಲು ಹೇಳಿ.

ಕೃಷಿ ಓದಿದವಳು:

ಕಾಕಾ ಹೇಳಿದ ಉಪ್ಪಿನ ಮಾತು ಬಹಳ ಮುಖ್ಯ. ಮಾರುವ ಸಿಟಿ ಕಂಪೋಸ್ಟ್‌ಗೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಅಳತೆಗಳಿವೆ. ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಬಾರದು, ಸಾರಜನಕ ಕನಿಷ್ಠ 0.8 ಶೇಕಡಾ ಇರಬೇಕು, ಇಂಗಾಲ ಸಾರಜನಕದ 20 ಪಟ್ಟಿಗಿಂತ ಕಡಿಮೆ ಇರಬೇಕು. ಚೀಲ ತುಂಬಿ ಹೆಸರು ಹಾಕಿ ಮಾರುವ ಆಸೆ ಇದ್ದವರು ಇದನ್ನು ಓದಿಕೊಳ್ಳಿ. ಪರಿಚಯದ ರೈತರಿಗೆ ಕೊಡುವವರಿಗೂ ಪರೀಕ್ಷೆ ಮಾಡಿಸುವುದು ಒಳ್ಳೆಯದೇ.

ಉಪ್ಪು ಕಡಿಮೆ ಮಾಡಲು ದೊಡ್ಡ ವಿದ್ಯೆ ಬೇಕಾಗಿಲ್ಲ. ಸಾರು, ಉಪ್ಪಿನಕಾಯಿ ತೊಟ್ಟಿಗೆ ಹೋಗಬಾರದು. ಮುಸುರೆಯನ್ನು ಜಾಲರಿ ಬುಟ್ಟಿಯಲ್ಲಿ ಸುರಿದು ನೀರು ಬಸಿಯಬೇಕು. ತರಕಾರಿ ಸಿಪ್ಪೆ ಮತ್ತು ಹೊಟ್ಟಿನ ಪಾಲು ಜಾಸ್ತಿ ಇರಬೇಕು. ಹೊಲಕ್ಕೆ ಹಾಕುವಾಗ ತಿಪ್ಪೆ ಗೊಬ್ಬರದ ಜೊತೆ ಬೆರೆಸಬೇಕು. ಮಳೆ ಚೆನ್ನಾಗಿ ಬೀಳುವ, ನೀರು ಬಸಿದು ಹೋಗುವ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ, ಕಲಘಟಗಿ ಕಡೆಯ ಮಾವಿನ ತೋಟಕ್ಕೆ, ಇದು ಅಷ್ಟು ತೊಂದರೆ ಕೊಡುವುದಿಲ್ಲ. ಸವಳು ಹಿಡಿದ ಎರಿ ಹೊಲಕ್ಕೆ ನಾನೂ ಹಾಕು ಎನ್ನುವುದಿಲ್ಲ.

ಹಳೇ ಹುಬ್ಬಳ್ಳಿ ಸಾವಜಿ:

ನಮ್ಮದು ಎಲುಬಿನ ಪ್ರಶ್ನೆ. ಮಟನ್ ಎಲುಬು, ಕೋಳಿ ಎಲುಬು, ಕೆಂಪು ಎಣ್ಣೆ ತೇಲುವ ರಸಾ. ಯಾರೂ ಇದರ ಬಗ್ಗೆ ಬರೆಯುವುದಿಲ್ಲ, ಎಲ್ಲರೂ ತರಕಾರಿ ಸಿಪ್ಪೆ ಫೋಟೋ ಹಾಕುತ್ತಾರೆ. ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಓಣಿ ತುಂಬ ನಾಯಿ.

ಕೃಷಿ ಓದಿದವಳು:

ಎಲುಬನ್ನು ಸಣ್ಣ ತೊಟ್ಟಿಗೆ ಹಾಕಬೇಡಿ ಅಣ್ಣಾವ್ರೆ. ಮಾಂಸ ಕರಗುತ್ತದೆ, ಎಲುಬು ಹಾಗೇ ಉಳಿಯುತ್ತದೆ. ಅಷ್ಟರಲ್ಲಿ ನಾಯಿ, ಇಲಿ ಎರಡೂ ಬರುತ್ತವೆ. ಮುಚ್ಚಳ ಗಟ್ಟಿ ಇರುವ ಬ್ಯಾರಲ್‌ನಲ್ಲಿ ಬೇರೆ ಇಟ್ಟು ಗಾಡಿಗೆ ಕೊಡಿ. ಉಳ್ಳಾಗಡ್ಡಿ ಸಿಪ್ಪೆ, ಕೊತಂಬರಿ ದಂಟು, ರೊಟ್ಟಿ, ಅನ್ನ, ತತ್ತಿ ಸಿಪ್ಪೆ ಇವನ್ನು ನೀವೂ ಗೊಬ್ಬರ ಮಾಡಬಹುದು.

ಮಿರ್ಚಿ ಭಜಿ ಗಿರ್ಮಿಟ್:

ಎಣ್ಣೆ ಬಗ್ಗೆ ನಾನು ಹೇಳುತ್ತೇನೆ. ಭಜಿ ಕರಿದ ಎಣ್ಣೆಯನ್ನು ಗಟಾರಕ್ಕೂ ಬಿಡಬೇಡಿ, ತೊಟ್ಟಿಗೂ ಹಾಕಬೇಡಿ. ಗಟಾರದಲ್ಲಿ ಅದು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ತೊಟ್ಟಿಯಲ್ಲಿ ಕಸದ ಮೇಲೆ ಪದರ ಹಿಡಿದು ಗಾಳಿ ತಡೆಯುತ್ತದೆ. ಬಳಸಿದ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಇದಕ್ಕೊಂದು ಯೋಜನೆ ಶುರು ಮಾಡಿದೆ. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಕರಿಯಲು ಬಳಸುವವರು ಲೆಕ್ಕದ ಪುಸ್ತಕ ಇಡಬೇಕು ಎಂಬ ನಿಯಮವೂ ಇದೆ. ಒಯ್ಯುವವನಿಗೆ ಅಧಿಕೃತ ಪರವಾನಗಿ ಇದೆಯಾ ಎಂದು ಮಾತ್ರ ನೋಡಿ. ಇಲ್ಲದಿದ್ದರೆ ಆ ಎಣ್ಣೆ ಸೋಸಿಕೊಂಡು ಮತ್ತೊಬ್ಬರ ಕಡಾಯಿಗೆ ಬರುತ್ತದೆ.

ಗದಗ ಮಂಟಪ ಮ್ಯಾನೇಜರ್:

ನೀವೆಲ್ಲ ದಿನದ ಲೆಕ್ಕ ಹೇಳುತ್ತಿದ್ದೀರಿ. ಕಲ್ಯಾಣ ಮಂಟಪದ ಲೆಕ್ಕವೇ ಬೇರೆ. ಆಷಾಢದಲ್ಲಿ ಏನೂ ಇಲ್ಲ. ಬಸವ ಜಯಂತಿ ಹೊತ್ತಿಗೆ ಬೆನ್ನು ಬೆನ್ನಿಗೆ ಮದುವೆ. ಸಾವಿರ ಜನರ ಊಟ ಎಂದರೆ ಬಾಳೆ ಎಲೆಯೇ ಒಂದು ಗುಡ್ಡ. ಯಾವ ತೊಟ್ಟಿಗೆ ಹಿಡಿಯುತ್ತದೆ ಅದು?

ನಾವು ಎರಡು ಕೆಲಸ ಮಾಡಿದ್ದೇವೆ. ಒಂದು, ಪಾತ್ರೆಯಲ್ಲಿ ಉಳಿದದ್ದು ಎಲೆಗೆ ಬೀಳುವ ಮೊದಲೇ ಬೇರೆ. ಬಡಿಸುವವರು ಕೊನೇ ಪಂಕ್ತಿಗೆ ಕೂಡುವ ಹೊತ್ತಿಗೆ ಹಾಸ್ಟೆಲ್‌ಗೆ ಫೋನ್ ಹೋಗಿರುತ್ತದೆ. ಬಿಸಿ ಇರುವಾಗಲೇ ಹೋಗಬೇಕು. ಸಂಜೆ ಫೋನ್ ಮಾಡಿ ಮಧ್ಯಾಹ್ನದ ಅನ್ನ ಕೊಡುವುದು ದಾನ ಅಲ್ಲ. ಎರಡು, ಎಲೆಗಳು ಊರ ಹೊರಗಿನ ಒಬ್ಬ ರೈತರ ಹೊಲಕ್ಕೆ ಟ್ರ್ಯಾಕ್ಟರ್‌ನಲ್ಲಿ ಹೋಗುತ್ತವೆ. ಬಾಡಿಗೆ ನಾವೇ ಕೊಡುತ್ತೇವೆ. ಅದನ್ನು ಮದುವೆ ಬಿಲ್ಲಿನಲ್ಲಿ ಸ್ವಚ್ಛತಾ ಖರ್ಚು ಎಂದು ಸೇರಿಸಿದ್ದೇವೆ. ಯಾರೂ ತಕರಾರು ಮಾಡಿಲ್ಲ, ಫೋಟೋಗ್ರಾಫರ್‌ಗೆ ಕೊಡುವುದರ ಮುಂದೆ ಅದು ಏನೂ ಅಲ್ಲ.

ಒಂದು ತೊಂದರೆ. ಈಚೆಗೆ ಕೆಲವರು ಪೇಪರ್ ಎಲೆ ತರುತ್ತಾರೆ. ಹಸಿರು ಬಣ್ಣ, ಬಾಳೆ ಎಲೆ ಆಕಾರ, ಮೇಲೆ ತೆಳು ಪ್ಲಾಸ್ಟಿಕ್. ಅದು ಒಂದು ಸೇರಿದರೂ ರೈತರು ಇಡೀ ಲೋಡ್ ವಾಪಸ್ ಕಳಿಸುತ್ತಾರೆ. ಈಗ ಬುಕಿಂಗ್ ಮಾಡುವಾಗಲೇ ಬರೆಸಿಕೊಳ್ಳುತ್ತೇವೆ: ಬಾಳೆ ಎಲೆ, ಮುತ್ತಲ ಎಲೆ ಅಥವಾ ಸ್ಟೀಲ್ ತಾಟು.

ನವಲಗುಂದ ಎರಿ ಹೊಲ:

ಹೀಗೆ ಬಾಡಿಗೆ ಕೊಟ್ಟು ಕಳಿಸಿದರೆ ನಾನೂ ಇಳಿಸಿಕೊಳ್ಳುತ್ತೇನೆ ಸಾಹೇಬ್ರೆ. ಬಾಳೆ ಎಲೆಗೆ ಉಪ್ಪಿನ ಭಯ ಇಲ್ಲ.

ಗದಗ ಮಂಟಪ ಮ್ಯಾನೇಜರ್:

ಎಲೆ ಹಾಗೇ ಒಟ್ಟಬೇಡಿ. ಒಂದರ ಮೇಲೊಂದು ಅಂಟಿಕೊಂಡು ನಡುವೆ ಗಾಳಿಯೇ ಹೋಗುವುದಿಲ್ಲ. ನಮ್ಮ ರೈತರು ಕಣಿಕೆ ಕತ್ತರಿಸುವ ಮಷಿನ್‌ಗೆ ಕೊಟ್ಟು ಚೂರು ಮಾಡಿ ಒಟ್ಟುತ್ತಾರೆ.

ಗಾಂಧಿ ಚೌಕ ಚಹಾ:

ಉಳಿದ ಅನ್ನವನ್ನು ಗೌಳಿಗರ ಎಮ್ಮೆಗೆ ಕೊಟ್ಟರೆ ಆಯಿತಲ್ಲ? ಇಷ್ಟೆಲ್ಲ ಯಾಕೆ?

ಕೃಷಿ ಓದಿದವಳು:

ಸ್ವಲ್ಪ ಕೊಟ್ಟರೆ ನಡೆಯುತ್ತದೆ. ಒಮ್ಮೆಲೇ ಬಕೆಟ್ ಅನ್ನ ತಿಂದರೆ ಎಮ್ಮೆಯ ಹೊಟ್ಟೆಯಲ್ಲಿ ಹುಳಿ ಏರುತ್ತದೆ, ಮೆಲುಕು ನಿಲ್ಲುತ್ತದೆ, ಸಾಯುವುದೂ ಉಂಟು. ಮದುವೆ ಮನೆಯ ಅನ್ನ ತಿಂದು ದನ ಬಿದ್ದ ಸುದ್ದಿ ಹಳ್ಳಿಗಳಲ್ಲಿ ಹೊಸದೇನಲ್ಲ. ತರಕಾರಿ ಸಿಪ್ಪೆ, ಎಲೆಕೋಸಿನ ಹೊರ ಎಲೆ, ಮೂಲಂಗಿ ಸೊಪ್ಪು ಕೊಡಿ, ಅದಕ್ಕೆ ಅಡ್ಡಿ ಇಲ್ಲ.

ವಿದ್ಯಾನಗರ ಖಾನಾವಳಿ:

ಎಲ್ಲರಿಗೂ ಧನ್ಯವಾದ. ಮೆಸ್ ಅಕ್ಕಾವ್ರು ಹೇಳಿದಂತೆ ತೂಕ ಹಾಕಿದೆವು. ದಿನಕ್ಕೆ ಸರಾಸರಿ 50 ಕೆಜಿ ಹತ್ತಿರ ಬರುತ್ತದೆ. ಅರ್ಧಕ್ಕಿಂತ ಜಾಸ್ತಿ ತರಕಾರಿ ಕಸ. ನಾನು ಮುಸುರೆಯೇ ಜಾಸ್ತಿ ಎಂದುಕೊಂಡಿದ್ದೆ.

ಇನ್ನೊಂದು ಪ್ರಶ್ನೆ. ಸೇಲ್ಸ್‌ನವನು ಕಾನೂನು ಬಂದಿದೆ, ಮಷಿನ್ ಹಾಕಿಸದಿದ್ದರೆ ದಂಡ ಎಂದು ಹೆದರಿಸಿದ. ಹೌದಾ?

ಗೋಕುಲ ರೋಡ್ ಕ್ಯಾಂಟೀನ್:

ಅರ್ಧ ಹೌದು. 2016ರ ಘನತ್ಯಾಜ್ಯ ನಿಯಮದಲ್ಲಿ ದಿನಕ್ಕೆ 100 ಕೆಜಿಗಿಂತ ಜಾಸ್ತಿ ಕಸ ಬರುವ ಜಾಗಗಳನ್ನು ದೊಡ್ಡ ಉತ್ಪಾದಕರು ಎಂದು ಬೇರೆ ಹಿಡಿದಿದ್ದರು. ಅಂಥವರು ಆದಷ್ಟು ಮಟ್ಟಿಗೆ ಹಸಿ ಕಸವನ್ನು ತಮ್ಮ ಜಾಗದಲ್ಲೇ ಗೊಬ್ಬರವೋ ಗ್ಯಾಸೋ ಮಾಡಬೇಕು ಎಂದಿತ್ತು. 2026ರ ಏಪ್ರಿಲ್ 1ರಿಂದ ಹೊಸ ನಿಯಮ. ಅದರಲ್ಲೂ 100 ಕೆಜಿ ಗೆರೆ ಇದೆ. ಜೊತೆಗೆ ಕಟ್ಟಡದ ಅಳತೆ, ನೀರಿನ ಬಳಕೆಯ ಗೆರೆಗಳೂ ಇವೆ. ಕಸ ಈಗ ನಾಲ್ಕು ಬಗೆ: ಹಸಿ, ಒಣ, ಸ್ಯಾನಿಟರಿ (ಪ್ಯಾಡ್, ಡೈಪರ್), ವಿಶೇಷ ಜಾಗ್ರತೆಯದ್ದು (ಬಲ್ಬ್, ಪೇಂಟ್ ಡಬ್ಬಿ, ಹಳೇ ಔಷಧಿ).

ಯಾವ ನಿಯಮದಲ್ಲೂ ಇಂಥ ಮಷಿನ್ ಕೊಳ್ಳಿ ಎಂದಿಲ್ಲ. ನಿಮ್ಮದು 50 ಕೆಜಿ. ಬೇರೆ ಮಾಡಿ ಕೊಡುವುದು ನಿಮ್ಮ ಕೆಲಸ, ಅದು ಎಲ್ಲರಿಗೂ ಇದೆ. ಪಾಲಿಕೆಯ ವಲಯ ಕಚೇರಿಗೆ ಹೋಗಿ ಆರೋಗ್ಯ ನಿರೀಕ್ಷಕರನ್ನು ಕೇಳಿ, ಸೇಲ್ಸ್‌ನವನನ್ನು ಅಲ್ಲ.

ಕೃಷಿ ಓದಿದವಳು:

50 ಕೆಜಿ ಎಂದರೆ ತೊಟ್ಟಿ ಸಾಕು. ಈಗ ಅಸಲು ಮಾತಿಗೆ ಬರೋಣ. ಇಲ್ಲಿಯವರೆಗೆ ಯಾರೂ ಹೊಟ್ಟಿನ ಬಗ್ಗೆ ಕೇಳಿಲ್ಲ. ತೊಟ್ಟಿ ಕೆಡುವುದು ಅಲ್ಲೇ.

ಊಟದ ಕಸದಲ್ಲಿ ಸಾರಜನಕ ಜಾಸ್ತಿ, ನೀರು ಇನ್ನೂ ಜಾಸ್ತಿ. ಗೊಬ್ಬರ ಆಗಲು ಶುರುವಿನಲ್ಲಿ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು, ನೀರು 50ರಿಂದ 60 ಶೇಕಡಾ ಇರಬೇಕು. ಬರೀ ಅನ್ನ ಪಲ್ಯ ಹಾಕಿದರೆ ಎರಡೂ ತಪ್ಪುತ್ತವೆ. ಗಾಳಿ ಇಲ್ಲದೆ ಕೊಳೆತು ನಾರುತ್ತದೆ. ಜನ ಆಗ ತೊಟ್ಟಿಗೆ ಬೈಯುತ್ತಾರೆ, ಇಲ್ಲವೇ ದುಬಾರಿ ಕಲ್ಚರ್ (ಸೂಕ್ಷ್ಮಜೀವಿಗಳ) ಪುಡಿ ತರುತ್ತಾರೆ. ಪುಡಿ ಬೇಕಾಗಿಲ್ಲ. ಒಂದು ಬುಟ್ಟಿ ಹಳೇ ಗೊಬ್ಬರ, ಸ್ವಲ್ಪ ಸಗಣಿ ನೀರು ಅದೇ ಕೆಲಸ ಮಾಡುತ್ತದೆ. ಬೇಕಾದದ್ದು ಹೊಟ್ಟು, ಇಂಗಾಲ ಕೊಡುವುದೂ ನೀರು ಹೀರುವುದೂ ಅದೇ.

ಲೆಕ್ಕ ಹಾಕಿ ಹೇಳುತ್ತೇನೆ. ಒಣ ಕಟ್ಟಿಗೆ ಹೊಟ್ಟು ಆದರೆ 100 ಕೆಜಿ ಊಟದ ಕಸಕ್ಕೆ ಸುಮಾರು 25 ಕೆಜಿ. ಬಕೆಟ್ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದಕ್ಕೊಂದು. ಒಣ ಎಲೆ ಆದರೆ ಒಂದು ಬಕೆಟ್ ಕಸಕ್ಕೆ ಎರಡು ಮೂರು ಬಕೆಟ್ ಬೇಕು. ನಿಮಗೆ ದಿನಕ್ಕೆ 12 ಕೆಜಿ ಹೊಟ್ಟು, ತಿಂಗಳಿಗೆ ಮೂರೂವರೆ ಕ್ವಿಂಟಲ್ ಮೇಲೆ. ಮಳೆಗಾಲದಲ್ಲಿ ಅದು ನೆನೆಯಬಾರದು. ನೆನೆದ ಹೊಟ್ಟು ಹಾಕುವುದೂ ಒಂದೇ, ನೀರು ಸುರಿಯುವುದೂ ಒಂದೇ. ಅದಕ್ಕೆ ತೊಟ್ಟಿಗಿಂತ ಮೊದಲು ಹೊಟ್ಟಿಡಲು ತಗಡಿನ ಶೆಡ್ ಮಾಡಿ.

ತೊಟ್ಟಿ ಮೂರಡಿ ಉದ್ದ, ಅಗಲ, ಎತ್ತರಕ್ಕಿಂತ ಸಣ್ಣದು ಬೇಡ. ಸಣ್ಣ ರಾಶಿ ಬಿಸಿ ಹಿಡಿಯುವುದಿಲ್ಲ. ಇಟ್ಟಿಗೆ ನಡುವೆ ಸಂದು ಬಿಟ್ಟು ಕಟ್ಟಿಸಿ, ಒಳಗೆ ಇಲಿ ಬರದಂತೆ ಜಾಲರಿ ಬಡಿಸಿ, ಮುಂದೆ ತೆಗೆಯುವ ಹಲಗೆ ಇರಲಿ. ಐದು ತೊಟ್ಟಿ ಸಾಲಾಗಿ ಇದ್ದರೆ ನಿಮಗೆ ಸರಿ ಹೋಗುತ್ತದೆ. ಒಂದು ತುಂಬುವ ಹೊತ್ತಿಗೆ ಹಿಂದಿನವು ಮಾಗುತ್ತಿರುತ್ತವೆ. ಕೆಳಗೆ ಒಂದು ಗೇಣು ದಪ್ಪ ಕಡ್ಡಿ, ತೆಂಗಿನ ಚಿಪ್ಪು. ಮೇಲೆ ದಿನಾ ಕಸ, ಹೊಟ್ಟು, ಕಸ, ಹೊಟ್ಟು. ಕಡೆಗೆ ಯಾವಾಗಲೂ ಹೊಟ್ಟೇ ಮೇಲಿರಬೇಕು. ಕಸ ಕಣ್ಣಿಗೆ ಕಂಡರೆ ನೊಣಕ್ಕೂ ಕಾಣುತ್ತದೆ.

ಒಳಗೆ ಒಂದು ಕಬ್ಬಿಣದ ಸರಳು ಚುಚ್ಚಿ ಬಿಡಿ. ಎರಡು ಮೂರು ದಿನದ ಮೇಲೆ ಎಳೆದು ಹಿಡಿದರೆ ಕೈಯಲ್ಲಿ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇರಬೇಕು. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ರೋಗಾಣು, ಕಳೆ ಬೀಜ ಸಾಯುತ್ತವೆ. ತಣ್ಣಗಿದ್ದರೆ ಒಂದೋ ನೀರು ಜಾಸ್ತಿ, ಒಂದೋ ಗಾಳಿ ಕಡಿಮೆ. ಹಿಡಿ ತಗೊಂಡು ಹಿಂಡಿ ನೋಡಿ. ನೀರು ಧಾರೆಯಾಗಿ ಬಂದರೆ ಹೊಟ್ಟು ಹಾಕಿ ತಿರುವಿ. ಒಂದೆರಡು ಹನಿ ಬಂದರೆ ಸರಿ ಇದೆ.

ಕಟ್ಟಿಗೆ ಅಡ್ಡೆ:

ಹೊಟ್ಟಿನ ಬಗ್ಗೆ ಒಂದು ಮಾತು. ಸಾ ಮಿಲ್ ಹೊಟ್ಟು ತಗೊಳ್ಳಿ, ಫರ್ನಿಚರ್ ಅಂಗಡಿಯದ್ದು ಬೇಡ. ಪ್ಲೈವುಡ್, ಎಮ್‌ಡಿಎಫ್ ಕೊಯ್ದ ಪುಡಿಯಲ್ಲಿ ಅಂಟು ಇರುತ್ತದೆ. ನೋಡಿದರೆ ಗೊತ್ತಾಗುತ್ತದೆ, ಅದು ಹಿಟ್ಟಿನಷ್ಟು ನಯ.

ಹಾವೇರಿ ಮೆಕ್ಕೆಜೋಳ:

ಕಟ್ಟಿಗೆ ಹೊಟ್ಟೇ ಯಾಕೆ? ನಮ್ಮ ಹಾವೇರಿ ಕಡೆ ಮೆಕ್ಕೆಜೋಳ ಒಕ್ಕಿದ ಮೇಲೆ ಬೆಂಡು ರಾಶಿ ರಾಶಿ ಬಿದ್ದಿರುತ್ತದೆ. ಒಡೆದು ಹಾಕಿದರೆ ರಾಶಿಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ಗದಗ ಕಡೆ ಶೇಂಗಾ ಸಿಪ್ಪೆ ಇದೆ. ಅದಕ್ಕೆ ಮಾತ್ರ ಬಾಯ್ಲರ್‌ನವರು, ಇಟ್ಟಿಗೆ ಭಟ್ಟಿಯವರು ಪೈಪೋಟಿ ಮಾಡುತ್ತಾರೆ, ಸುಗ್ಗಿಯಲ್ಲೇ ಹಿಡಿದಿಡಬೇಕು. ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಪುಕ್ಕಟೆ ಸಿಕ್ಕರೂ ಬೇಡ. ತಿರುವುವವನು ಸೀನಿ ಸೀನಿ ಕೆಲಸ ಬಿಟ್ಟು ಹೋಗುತ್ತಾನೆ.

ಗಾಂಧಿ ಚೌಕ ಚಹಾ:

ಬಯೋಗ್ಯಾಸ್ ಮಾಡಿದರೆ ಸಿಲಿಂಡರ್ ಖರ್ಚು ಉಳಿಯುವುದಿಲ್ಲವಾ?

ಗೋಕುಲ ರೋಡ್ ಕ್ಯಾಂಟೀನ್:

ನಾವೂ ಲೆಕ್ಕ ಹಾಕಿದ್ದೆವು. 100 ಕೆಜಿ ಊಟದ ಕಸಕ್ಕೆ ಸುಮಾರು 8ರಿಂದ 10 ಘನ ಮೀಟರ್ ಗ್ಯಾಸ್. ಒಂದು ಘನ ಮೀಟರ್ ಎಂದರೆ ಅರ್ಧ ಕೆಜಿಗೂ ಕಡಿಮೆ ಎಲ್‌ಪಿಜಿ. 50 ಕೆಜಿ ಕಸಕ್ಕೆ ದಿನಾ ಎರಡು ಕೆಜಿ ಎಲ್‌ಪಿಜಿ ಹತ್ತಿರ. 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಹತ್ತು ದಿನಕ್ಕೊಂದು ಉಳಿಯಬಹುದು, ಎಲ್ಲ ಸರಿ ನಡೆದರೆ. ಒಂದು ದಿನ ಅನ್ನ ಜಾಸ್ತಿ ಬಿದ್ದರೆ ಒಳಗೆ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಹೊರಗೆ ಬರುವ ಸ್ಲರಿಗೆ ಮತ್ತೆ ಜಾಗ ಬೇಕು. ದೊಡ್ಡ ಹಾಸ್ಟೆಲ್, ದಾಸೋಹ ಇರುವ ಮಠ, ದಿನಾ ಒಂದೇ ಅಳತೆಯ ಕಸ ಬರುವ ಜಾಗಕ್ಕೆ ಅದು ಒಳ್ಳೆಯದು. ಹತ್ತಡಿ ಅಂಗಳದ ಖಾನಾವಳಿಗೆ ನನ್ನ ಮಟ್ಟಿಗೆ ಬೇಡ.

ಸಪ್ತಾಪುರ ಮೆಸ್ ಅಕ್ಕ:

ಎಲ್ಲ ಹೇಳಿದಿರಿ, ಪಾತ್ರೆ ತೊಳೆಯುವವರ ಬಗ್ಗೆ ಯಾರೂ ಹೇಳಲಿಲ್ಲ.

ಕಸ ಬೇರೆ ಆಗುವುದು ಮಾಲಕರ ಕೈಯಲ್ಲಿ ಅಲ್ಲ, ಮುಸುರೆ ತೊಳೆಯುವ ಕಟ್ಟೆಯ ಹತ್ತಿರ. ಮಧ್ಯಾಹ್ನ ಒಂದೂವರೆಗೆ ತಾಟು ರಾಶಿ ಬಿದ್ದಿರುತ್ತದೆ. ಹುಡುಗರು ತಾಟಿನಲ್ಲೇ ಟಿಶ್ಯೂ, ಟೂತ್‌ಪಿಕ್, ಮೊಸರಿನ ಪಾಕೀಟು ಬಿಟ್ಟು ಏಳುತ್ತಾರೆ. ಆ ಗಡಿಬಿಡಿಯಲ್ಲಿ ಮಾವಶಿ ಆರಿಸುತ್ತಾ ಕೂರಬೇಕಾ? ನಾನು ಮಾಡಿದ್ದು ಇಷ್ಟು. ಮೊಸರು ಪಾಕೀಟು ಕೊಡುವುದನ್ನೇ ನಿಲ್ಲಿಸಿ ಬಟ್ಟಲಿನಲ್ಲಿ ಹಾಕಿಸಿದೆ. ಟಿಶ್ಯೂ ಬುಟ್ಟಿಯನ್ನು ಕೈ ತೊಳೆಯುವ ಬೇಸಿನ್ ಹತ್ತಿರ ಇಟ್ಟೆ. ಹುಡುಗರು ತಾವೇ ತಾಟು ತಂದು ಜಾಲರಿ ಬುಟ್ಟಿಗೆ ಕೊಡವಿ ಇಡಬೇಕು. ತೊಟ್ಟಿ ನೋಡಿಕೊಳ್ಳುವ ಕೆಲಸಕ್ಕೆ ಮಾವಶಿಗೆ ಪಗಾರದ ಮೇಲೆ ಬೇರೆ ದುಡ್ಡು. ಕೈಗವಸು, ಉದ್ದ ಹಿಡಿಯ ಸಲಿಕೆ ಕೊಡಿಸಿದ್ದೇನೆ. ಇದನ್ನು ಪುಕ್ಕಟೆ ಮಾಡಿಸಲು ಹೋದವರ ತೊಟ್ಟಿಗಳು ಧಾರವಾಡದಲ್ಲಿ ಎಷ್ಟೋ ಖಾಲಿ ಬಿದ್ದಿವೆ, ಬೇಕಾದರೆ ತೋರಿಸುತ್ತೇನೆ.

ಇನ್ನು, ಕೊಳೆಯುತ್ತದೆ ಎಂದು ಬರೆದ ಪ್ಲಾಸ್ಟಿಕ್ ಚೀಲ ಬರುತ್ತವಲ್ಲ, ಅವನ್ನೂ ತೊಟ್ಟಿಗೆ ಹಾಕಬೇಡಿ. ನಮ್ಮಲ್ಲಿ ಗೊಬ್ಬರ ಆದರೂ ಚೀಲ ಹಾಗೇ ಇತ್ತು.

ಕೃಷಿ ಓದಿದವಳು:

ಅವು ದೊಡ್ಡ ಘಟಕದ ಬಿಸಿಯಲ್ಲಿ ಕರಗುವ ಚೀಲಗಳು ಅಕ್ಕಾ, ನಮ್ಮ ತೊಟ್ಟಿಯಲ್ಲಿ ಅಷ್ಟು ದಿನ ಅಷ್ಟು ಬಿಸಿ ನಿಲ್ಲುವುದಿಲ್ಲ.

ವಿದ್ಯಾನಗರ ಖಾನಾವಳಿ:

ಮಷಿನ್‌ನವನಿಗೆ ಬೇಡ ಎಂದು ಹೇಳಿದೆ. ಮೊದಲು ತರಕಾರಿ ಕಸದಿಂದ ಶುರು ಮಾಡುತ್ತೇನೆ, ಎರಡು ತೊಟ್ಟಿ. ಮುಸುರೆ ಬಸಿದು ಸದ್ಯಕ್ಕೆ ಗಾಡಿಗೇ ಕೊಡುತ್ತೇನೆ. ಕೈ ಕುದುರಿದ ಮೇಲೆ ಅದನ್ನೂ ಸೇರಿಸುತ್ತೇನೆ. ಸಾ ಮಿಲ್‌ನವರು ವಾರಕ್ಕೊಮ್ಮೆ ಹೊಟ್ಟಿನ ಚೀಲ ಕೊಡಲು ಒಪ್ಪಿದ್ದಾರೆ. ಶೆಡ್‌ಗೆ ತಗಡು ತರಿಸಿದ್ದೇನೆ.

ನವಲಗುಂದ ಕಾಕಾ, ಬರೀ ತರಕಾರಿ ಕಸದ ಗೊಬ್ಬರ, ಪ್ಲಾಸ್ಟಿಕ್ ಇಲ್ಲ, ಉಪ್ಪಿಲ್ಲ. ಬೇಸಿಗೆವರೆಗೆ ಚೀಲದಲ್ಲಿ ಇಟ್ಟುಕೊಂಡರೆ ಒಯ್ಯುತ್ತೀರಾ?

ನವಲಗುಂದ ಎರಿ ಹೊಲ:

ಒಂದು ಚೀಲ ಮೊದಲು ಕೊಡಿ. ಮನೆ ಹಿತ್ತಲಿನ ಬದನೆ ಗಿಡಕ್ಕೆ ಹಾಕಿ ನೋಡುತ್ತೇನೆ. ಅದಾದ ಮೇಲೆ ಟ್ರೇಲರ್ ಮಾತು. ಬಾಡಿಗೆ ಅರ್ಧ ಅರ್ಧ.

ವಿದ್ಯಾನಗರ ಖಾನಾವಳಿ:

ಆಯಿತು ಕಾಕಾ. ಕೊನೆಯದಾಗಿ ಒಂದು. ಅಂಗಳದ ಒಂದು ಗೋಡೆ ಪಕ್ಕದ ಮನೆಗೆ ತಾಗಿದೆ. ಆ ಗೋಡೆಗೆ ಆನಿಸಿ ತೊಟ್ಟಿ ಕಟ್ಟಿಸಬಹುದಾ?

ಕೃಷಿ ಓದಿದವಳು:

ಬೇಡ. ಗೋಡೆಯಿಂದ ಮೂರಡಿ ಬಿಡಿ. ನಾಲ್ಕೂ ಕಡೆ ಗಾಳಿ ಬೇಕು, ಸಲಿಕೆ ಹಿಡಿದು ನಿಲ್ಲಲು ಜಾಗ ಬೇಕು, ಗೋಡೆ ತೇವ ಹಿಡಿಯಬಾರದು. ನೆಲಕ್ಕೆ ನಿಮ್ಮ ಕಡೆಗೇ ಇಳಿಜಾರು ಕೊಟ್ಟು, ಸೋರುವ ನೀರು ಒಂದು ಸಣ್ಣ ಗುಂಡಿಗೆ ಬರುವಂತೆ ಮಾಡಿ. ಆ ನೀರನ್ನು ಒಣಗಿದ ತೊಟ್ಟಿಗೆ ವಾಪಸ್ ಚಿಮುಕಿಸಬಹುದು. ಪಕ್ಕದ ಮನೆಯವರಿಗೆ ಇಟ್ಟಿಗೆ ಇಳಿಸುವ ಮೊದಲೇ ಹೇಳಿ ಬನ್ನಿ. ಮಳೆಗಾಲ ಕಳೆದ ಮೇಲೆ ಶುರು ಮಾಡಿದರೆ ಇನ್ನೂ ಅನುಕೂಲ.